ಮಿಲಿಮೀಟರ್ ಲೆಕ್ಕದಲ್ಲಿ ಏರುವ ಕಡಲು 70 ಮೀಟರ್ ಗಾಲ್ಫ್ ನೆಲವನ್ನು ನುಂಗುವುದು ಹೇಗೆ?

ಪ್ರಶ್ನೆ: ಭೂಗೋಳದ ಮೇಷ್ಟ್ರು, ಕುವೆಂಪುನಗರ, ಮೈಸೂರು

ಮಾನ್ಯರೇ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾಗಿರುವ ನನಗೆ, ಈಗ ಮಕ್ಕಳು ಕೇಳಿದ್ದರೂ ಉತ್ತರ ಹೇಳಲಾಗದಂಥ ಒಂದು ಪ್ರಶ್ನೆ ಎದುರಾಗಿದೆ. ಮಗಳು ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅವಳನ್ನು ನೋಡಲು ಹೋದವನು, ಒಂದು ದಿನ ರೈಲು ಹತ್ತಿ ಅಲ್ಲಿಂದ ಉತ್ತರಕ್ಕಿರುವ ಮಾಂಟ್ರೋಸ್ ಎಂಬ ಸಣ್ಣ ಬಂದರು ಊರಿಗೆ ಹೋಗಿದ್ದೆ. ಆ ಊರಿನ ಕಡಲತಡಿಯ ಮೈದಾನದಲ್ಲಿ 1562ರಿಂದಲೂ ಗಾಲ್ಫ್ ಆಡುತ್ತ ಬಂದಿದ್ದಾರೆ. ನಾನು ಗಾಲ್ಫ್ ಆಡುವವನಲ್ಲ; ನಮ್ಮ ರೇಸ್‌ಕೋರ್ಸಿನ ಬೇಲಿಯಾಚೆ ನಿಂತು ಆಡುವವರನ್ನು ನೋಡಿದ್ದಷ್ಟೇ ನನ್ನ ಪರಿಚಯ. ಆದರೆ ಅಲ್ಲಿ ಕಂಡದ್ದು ಆಟಕ್ಕಿಂತ ಹೆಚ್ಚಾಗಿ ಭೂಗೋಳದ ಪಾಠವಾಗಿತ್ತು.

ಮೈದಾನದ ಪೂರ್ವದ ಅಂಚಿಗೆ ಬಂದರೆ ನೆಲ ಕತ್ತರಿಸಿದಂತೆ ನಿಂತುಹೋಗುತ್ತದೆ. ಹುಲ್ಲಿನ ಬೇರುಗಳ ಚಾಪೆಯೊಂದು ಆಧಾರವಿಲ್ಲದೆ ಮುಂದಕ್ಕೆ ಚಾಚಿಕೊಂಡು ಗಾಳಿಗೆ ತೂಗಾಡುತ್ತಿತ್ತು. ಅದರ ಅಡಿಯಿಂದ ಒಣಮರಳು, ಗಿರಣಿಯ ಬಾಯಿಂದ ರಾಗಿಹಿಟ್ಟು ಇಳಿಯುವ ಹಾಗೆ, ಸದ್ದಿಲ್ಲದೆ ಸುರಿಯುತ್ತಲೇ ಇತ್ತು. ಮೂವತ್ತು ವರ್ಷಗಳಲ್ಲಿ ಅಲ್ಲಲ್ಲಿ ಕಡಲು 70 ಮೀಟರಿನಷ್ಟು ಒಳಕ್ಕೆ ಬಂದಿದೆ ಎಂದು ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಹೇಳಿದ್ದಾರೆಂದೂ, ಅದರಿಂದಾಗಿ ಟೀಗಳನ್ನು, ಎಂದರೆ ಚೆಂಡನ್ನು ಮೊದಲು ಹೊಡೆಯುವ ಕಟ್ಟೆಗಳನ್ನು, ಒಳಗೆ ಸರಿಸಬೇಕಾಯಿತೆಂದೂ ಮಗಳು ವಿವರಿಸಿದಳು.

ನನ್ನ ಪ್ರಶ್ನೆ ಇಷ್ಟು. ಜಗತ್ತಿನ ಕಡಲಮಟ್ಟ 1901ರಿಂದ 2018ರವರೆಗೆ ಏರಿರುವುದು ಸುಮಾರು 20 ಸೆಂಟಿಮೀಟರ್. 2006ರಿಂದ 2018ರವರೆಗಿನ ವೇಗವೂ ವರ್ಷಕ್ಕೆ 4 ಮಿಲಿಮೀಟರಿಗಿಂತ ತುಸು ಕಡಿಮೆ. ಒಂದು ಗೇಣಿನಷ್ಟು ಏರಿದ ನೀರು 70 ಮೀಟರ್ ನೆಲವನ್ನು ತಿನ್ನುವುದು ಹೇಗೆ? ಎರಡನೆಯದಾಗಿ, ನಾಲೆಯ ಏರಿಗೆ ಮಾಡುವಂತೆ ಉದ್ದಕ್ಕೂ ಕಲ್ಲು ಜೋಡಿಸಿಬಿಟ್ಟರೆ ಈ ಹಳೆಯ ಮೈದಾನಗಳು ಉಳಿಯುವುದಿಲ್ಲವೇ?

ಉತ್ತರ 1: ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ಮೇಷ್ಟ್ರೇ, ನಿಮ್ಮ ಎರಡು ಪ್ರಶ್ನೆಗಳೂ ಬೇರೆಬೇರೆಯಲ್ಲ. ಮೊದಲನೆಯದು ಅರ್ಥವಾದರೆ ಎರಡನೆಯದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ನಾವು ನೀರಾವರಿಯವರು ನೀರಿನ ಮಟ್ಟವನ್ನು ಗೋಡೆಗೆ ಬಡಿದ ಅಳತೆಪಟ್ಟಿಯಲ್ಲಿ ಓದುತ್ತೇವೆ. ಕನ್ನಂಬಾಡಿಯಲ್ಲಿ ನೀರು ಒಂದಡಿ ಏರಿದರೆ ಅಣೆಕಟ್ಟೆಯ ಗೋಡೆಯ ಮೇಲೆ ಕಾಣುವುದು ಒಂದಡಿ ಮಾತ್ರ. ಅದೇ ಒಂದಡಿ, ಹಿನ್ನೀರಿನ ಇಳಿಜಾರು ಹೊಲಗಳಲ್ಲಿ ಎಷ್ಟು ದೂರ ಹರಡುತ್ತದೆ ಎಂಬುದನ್ನು ಅಲ್ಲಿ ಹುರುಳಿ ಬಿತ್ತುವವರನ್ನು ಕೇಳಬೇಕು. ಮರಳಿನ ಕಡಲತಡಿ ಹಿನ್ನೀರಿನ ಹೊಲದಂಥದ್ದು, ಅದರಲ್ಲೂ ತೀರ ಸಪಾಟಾದದ್ದು. ಜೊತೆಗೆ ಇನ್ನೊಂದು ಸಂಗತಿಯಿದೆ: ನೀರು ಏರಿದಾಗ ಮರಳಿನ ದಂಡೆ ಸುಮ್ಮನೆ ಮುಳುಗುವುದಿಲ್ಲ, ಅಲೆಗಳು ಮೇಲಿನ ಮರಳನ್ನು ಕೆರೆದು ಕಡಲ ತಳಕ್ಕೆ ಹಾಸಿ, ಹೊಸ ನೀರಿನ ಮಟ್ಟಕ್ಕೆ ಹೊಂದುವ ಇಳಿಜಾರನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಪೆರ್ ಬ್ರೂನ್ ಎಂಬ ಕರಾವಳಿ ಎಂಜಿನಿಯರ್ 1962ರಲ್ಲಿ ಮುಂದಿಟ್ಟ ಸ್ಥೂಲ ಸೂತ್ರದ ಪ್ರಕಾರ, ನೀರು ಏರಿದ ಎತ್ತರದ 50ರಿಂದ 100 ಪಟ್ಟು ದಂಡೆ ಹಿಂದೆ ಸರಿಯುತ್ತದೆ.

ಆದರೂ ಲೆಕ್ಕ ಕೂಡುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಮೂವತ್ತು ವರ್ಷಕ್ಕೆ 10 ಸೆಂಟಿಮೀಟರ್ ಎಂದು ಧಾರಾಳವಾಗಿ ಹಿಡಿದರೂ ಸೂತ್ರ ಕೊಡುವುದು 5ರಿಂದ 10 ಮೀಟರ್. ಅದೂ ಅಲ್ಲದೆ ಸ್ಕಾಟ್ಲೆಂಡಿನ ಬಹುಭಾಗದ ನೆಲ, ಹಿಮಯುಗದ ಭಾರ ಇಳಿದ ಮೇಲೆ, ಇಂದಿಗೂ ನಿಧಾನವಾಗಿ ಮೇಲೇಳುತ್ತಿದೆ. ಹಾಗಾಗಿ ಅಲ್ಲಿ ಕಡಲು ಏರಿದ್ದು ಬೇರೆಡೆಗಿಂತ ಕಡಿಮೆಯಾಗಿಯೇ ಕಾಣಬೇಕು. ಮಿಕ್ಕ 60 ಮೀಟರ್ ಎಲ್ಲಿಂದ ಬಂತು? ಉತ್ತರ ನೀರಿನಲ್ಲಿಲ್ಲ, ಮರಳಿನ ಜಮಾಖರ್ಚಿನಲ್ಲಿದೆ. ದಂಡೆಗೆ ಮರಳು ಬರುವುದು ನದಿಯಿಂದ, ಪಕ್ಕದ ದಂಡೆಯಿಂದ ಮತ್ತು ಹಿಮನದಿಗಳು ಕಡಲ ತಳದಲ್ಲಿ ಬಿಟ್ಟುಹೋದ ಹಳೆಯ ದಾಸ್ತಾನಿನಿಂದ. ಆ ಹಳೆಯ ದಾಸ್ತಾನು ಈಗ ಬಹುಮಟ್ಟಿಗೆ ಕರಗಿದೆ. ಬಂದರಿನ ಬಾಯಿಯಲ್ಲಿ ಹೂಳೆತ್ತುವುದರಿಂದಲೂ ದಂಡೆಗೆ ಸಲ್ಲಬೇಕಾದ ಮರಳು ಕೈತಪ್ಪುತ್ತಿದೆಯೆಂಬ ವಾದ ಮಾಂಟ್ರೋಸಿನಲ್ಲೇ ಬಹುಕಾಲದಿಂದ ನಡೆದಿದೆ. ಆದ್ದರಿಂದ ಇಡೀ 70 ಮೀಟರನ್ನು ಹವಾಮಾನ ಬದಲಾವಣೆಯ ಖಾತೆಗೆ ಬರೆಯುವುದು ತಪ್ಪು. ಅದನ್ನು ಖಾತೆಯಿಂದ ಪೂರ್ತಿ ಹೊಡೆದುಹಾಕುವುದು ಇನ್ನೂ ದೊಡ್ಡ ತಪ್ಪು.

ಏಕೆಂದರೆ ಮರಳ ದಂಡೆ ಸದಾ ಕೊಡುಕೊಳ್ಳುವ ವ್ಯವಹಾರದಲ್ಲಿ ಇರುತ್ತದೆ. ಚಳಿಗಾಲದ ಬಿರುಗಾಳಿ ದಿಬ್ಬದ ಬುಡ ಕಡಿದು ಮರಳನ್ನು ಒಯ್ದು ತುಸು ಆಚೆ ಕಡಲೊಳಗೆ ಗುಡ್ಡೆ ಹಾಕುತ್ತದೆ. ಬೇಸಿಗೆಯ ಸಣ್ಣ ಅಲೆಗಳು ಅದನ್ನೇ ದಡಕ್ಕೆ ತಂದು ಹಾಕುತ್ತವೆ. ಒಣಗಿದ ಮರಳನ್ನು ಗಾಳಿ ಎತ್ತಿ ದಿಬ್ಬಕ್ಕೆ ಸೇರಿಸುತ್ತದೆ. ಈ ಸಾಲ ತೀರಲು ಎಷ್ಟೋ ವರ್ಷಗಳು ಹಿಡಿಯುತ್ತವೆ. ಕಡಲಮಟ್ಟ ಏರಿದಂತೆ, ಹಿಂದೆ ದಿಬ್ಬದ ಬುಡವನ್ನು ಮುಟ್ಟದಿದ್ದ ಸಾಧಾರಣ ಬಿರುಗಾಳಿಯ ಅಲೆಯೂ ಈಗ ಮುಟ್ಟುತ್ತದೆ. ಹಳೆಯ ಸಾಲ ತೀರುವ ಮೊದಲೇ ಹೊಸ ಸಾಲ. ಸ್ಕಾಟ್ಲೆಂಡಿನ ಇಡೀ ಕರಾವಳಿಯ ಹಳೆಯ, ಹೊಸ ನಕಾಶೆಗಳನ್ನು ಹೋಲಿಸಿ ನೋಡಿದ ಅಲ್ಲಿನ ‘ಡೈನಾಮಿಕ್ ಕೋಸ್ಟ್’ ಯೋಜನೆಯೂ, 1970ರ ದಶಕದಿಂದ ಈಚೆಗೆ ಕೊರೆತದ ವೇಗ ಸರಾಸರಿ ವರ್ಷಕ್ಕೆ ಒಂದು ಮೀಟರಿನಷ್ಟಾಗಿ, ಮೊದಲಿದ್ದುದರ ಎರಡರಷ್ಟಾಗಿದೆ ಎಂದು ಕಂಡುಕೊಂಡಿತು.

ಇನ್ನು ಕಲ್ಲುಗೋಡೆ. ನಾಲೆಯ ಏರಿಗೆ ಕಲ್ಲು ಜೋಡಿಸುವಾಗ ನಮಗೆ ಅನುಕೂಲವಾಗುವುದು ನೀರು ಏರಿಯ ಉದ್ದಕ್ಕೆ ಸಮಾನಾಂತರವಾಗಿ ಹರಿಯುವುದರಿಂದ. ಕಡಲ ಅಲೆ ನೇರ ಎದುರಿಗೆ ಬಂದು ಬಡಿಯುತ್ತದೆ. ಇಳಿಜಾರಾದ ಮರಳಿನ ಮೇಲೆ ಅದು ಓಡುತ್ತ ಓಡುತ್ತ ಸುಸ್ತಾಗುತ್ತದೆ, ಗೋಡೆಗೆ ಬಡಿದರೆ ಅದೇ ಕಸುವಿನಲ್ಲಿ ಹಿಂದಿರುಗಿ ಗೋಡೆಯ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ದಿಬ್ಬದೊಳಗಿದ್ದ ಮರಳು ಗೋಡೆಯ ಹಿಂದೆ ಸೆರೆಯಾಗುವುದರಿಂದ ದಂಡೆಗೆ ಸಾಲ ಕೊಡುವವರೂ ಇಲ್ಲವಾಗುತ್ತಾರೆ. ಗೋಡೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಾಚೆ ಕೊರೆತ ಇನ್ನಷ್ಟು ಜೋರಾಗುತ್ತದೆ. ಅದು ಯಾರ ಹೊಲ ಎಂಬುದಷ್ಟೇ ಆಮೇಲಿನ ಪ್ರಶ್ನೆ.

ನಮ್ಮ ಪಕ್ಕದಲ್ಲೇ ಇರುವ ತಲಕಾಡನ್ನು ನೆನೆಯಿರಿ. “ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ” ಎಂಬ ಶಾಪದ ಮಾತನ್ನು ಎಲ್ಲರೂ ಬಲ್ಲರು. ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ನದಿಯ ಪಾತ್ರದಲ್ಲಿ ನೀರು ಇಳಿದು, ಬಯಲಾದ ಮರಳನ್ನು ನೈರುತ್ಯದ ಗಾಳಿ ಊರ ಮೇಲೆ ಸುರಿಯಿತು ಎಂದು ವಿವರಿಸುವ ಭೂವಿಜ್ಞಾನಿಗಳಿದ್ದಾರೆ. ಪಾತಾಳೇಶ್ವರನ ದರ್ಶನಕ್ಕೆ ಮರಳಿನ ನಡುವೆ ಮೆಟ್ಟಿಲಿಳಿದು ಹೋಗುವಾಗ, ಒಂದು ಕಡೆ ಮಾಡಿದ ಕಟ್ಟೋಣಕ್ಕೆ ಇನ್ನೊಂದು ಕಡೆ ಮರಳು ಹೇಗೆ ಮಾರುತ್ತರ ಕೊಡುತ್ತದೆ ಎಂಬುದು ಕಾಲಡಿಯಲ್ಲೇ ತಿಳಿಯುತ್ತದೆ.

ಉತ್ತರ 2: ಉಳ್ಳಾಲದಿಂದ ಬಂದವಳು, ಸರಸ್ವತಿಪುರಂ, ಮೈಸೂರು

ಎಂಜಿನಿಯರ್ ಅವರ ಗೋಡೆಯ ಮಾತಿಗೆ ನಾನು ಸಾಕ್ಷಿ. ಮದುವೆಯಾಗಿ ಮೈಸೂರಿಗೆ ಬರುವವರೆಗೆ ಉಳ್ಳಾಲದ ದಂಡೆಯ ಮೇಲೆಯೇ ಬೆಳೆದವಳು ನಾನು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲಿಗೆ ಸೇರುವ ಅಳಿವೆಬಾಗಿಲಿನಲ್ಲಿ, ದೋಣಿಗಳ ಓಡಾಟಕ್ಕೆಂದು ಬ್ರೇಕ್‌ವಾಟರ್, ಎಂದರೆ ಕಡಲೊಳಕ್ಕೆ ಚಾಚಿದ ಅಲೆತಡೆ ಗೋಡೆ, ಕಟ್ಟಿದರು. ಉತ್ತರಕ್ಕಿರುವ ಬೆಂಗ್ರೆಯ ಕಡೆ ಮರಳು ಬಂದು ಕೂತಿತು; ದಕ್ಷಿಣಕ್ಕಿರುವ ನಮ್ಮ ಕಡೆಯಿಂದ ಹೋಗತೊಡಗಿತು. ಪ್ರತಿ ಮಳೆಗಾಲವೂ ಲಾರಿಗಳಲ್ಲಿ ಕಲ್ಲು ಬರುತ್ತಿತ್ತು. ನಮ್ಮ ಮನೆಯ ಹಿಂದೆ ಸುರಿದ ಬಂಡೆಗಳ ಮೇಲೆ ಅಳತೆಗಾಗಿ ಬಿಳಿಯ ಬಣ್ಣದಲ್ಲಿ ಅಂಕಿಗಳನ್ನು ಬರೆದಿದ್ದರು. ಶಾಲೆಗೆ ಹೋಗುವಾಗ ಅವನ್ನು ಓದಿಕೊಂಡು ಹೋಗುವುದು ನಮಗೊಂದು ಆಟ. ಆಷಾಢ ಮುಗಿಯುವಷ್ಟರಲ್ಲಿ ಅರ್ಧ ಅಂಕಿ ಕಾಣುತ್ತಿರಲಿಲ್ಲ. ಕಲ್ಲನ್ನು ಕಡಲು ಒಯ್ದಿರುತ್ತಿರಲಿಲ್ಲ. ಬುಡದ ಮರಳು ಹೋಗಿ ಕಲ್ಲು ಇದ್ದಲ್ಲೇ ಕೆಳಕ್ಕೆ ಇಳಿದಿರುತ್ತಿತ್ತು. ಮರುವರ್ಷ ಅದರ ಮೇಲೆ ಮತ್ತೆ ಕಲ್ಲು. ನನ್ನ ಅಜ್ಜಿಯ ಎರಡು ತೆಂಗಿನಮರ ಮತ್ತು ಬಾವಿಕಟ್ಟೆ ಹೋದ ವರ್ಷ, ಪರಿಹಾರಕ್ಕೆಂದು ಅಲೆದ ಕಚೇರಿಯೊಂದರಲ್ಲಿ, “ಬಾವಿ ಇದ್ದದ್ದಕ್ಕೆ ಫೋಟೋ ಇದೆಯೇ?” ಎಂದು ಕೇಳಿದ್ದರು. ಬಾವಿಯ ಫೋಟೋ ಯಾರು ತೆಗೆದಿಟ್ಟಿರುತ್ತಾರೆ?

ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ, ದಂಡೆಯಿಂದ ದೂರ ಕಡಲೊಳಗೆ ನೀರಿನಡಿ ದಿಬ್ಬಗಳನ್ನು ಕಟ್ಟಿ ಅಲೆಯ ಜೋರನ್ನು ಅಲ್ಲೇ ಮುರಿಯುವ ಯೋಜನೆ ಬಂತು. ಗೋಡೆಗಿಂತ ಅದು ಬುದ್ಧಿವಂತಿಕೆಯ ದಾರಿ ಎಂದೇ ನನ್ನ ಅನಿಸಿಕೆ. ಆದರೆ ಅಂಥ ಖರ್ಚನ್ನು ಒಂದು ಗಾಲ್ಫ್ ಕ್ಲಬ್ಬು ಹೊರಬಲ್ಲದೇ?

ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ, ಮೇಷ್ಟ್ರು ಬೇಸರಿಸಬಾರದು. ಮೊಗವೀರರ ಮನೆಗಳು ಕಡಲಪಾಲಾದಾಗ ಊರಾಚೆ ಸುದ್ದಿಯಾಗಿದ್ದು ಎರಡು ದಿನ ಮಾತ್ರ. ಗಾಲ್ಫ್ ಮೈದಾನದ ಒಂದು ಟೀ ಕುಸಿದರೆ ಲೋಕವೆಲ್ಲ ಮರುಗುತ್ತದೆ.

ಉತ್ತರ 3: ಕಬ್ಬಿನ ಗದ್ದೆಯವನು, ಪಾಂಡವಪುರ

ಅಕ್ಕನವರ ಮಾತೇ ನನ್ನ ಮಾತು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ಬರಿದಾದಾಗ, ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯ ನೀರಿಗೂ ಗತಿಯಿಲ್ಲದೆ ನಾವು ರಸ್ತೆಗಿಳಿದಿದ್ದೆವು. ಹವಾಮಾನ ಬದಲಾವಣೆ ಎಂದರೆ ನಮಗೆ ಅದು. ಹುಲ್ಲಿಗೆ ನೀರು ಹಾಯಿಸಿ ಚೆಂಡು ಉರುಳಿಸುವವರ ಮೈದಾನ ಕಡಲಿಗೆ ಹೋದರೆ ಹೋಗಲಿ ಎಂದರೆ ತಪ್ಪೇನು ಎಂಬುದನ್ನು ಯಾರಾದರೂ ತಿಳಿಸಿಕೊಡಬೇಕು.

ಉತ್ತರ 4: ಹುಲ್ಲು ಕಾಯುವವನು, ಚಾಮುಂಡಿಬೆಟ್ಟದ ತಪ್ಪಲು, ಮೈಸೂರು

ಹದಿನೆಂಟು ವರ್ಷಗಳಿಂದ ಗಾಲ್ಫ್ ಮೈದಾನಗಳಲ್ಲಿ ಹುಲ್ಲಿನ ಕೆಲಸ ಮಾಡಿಕೊಂಡಿದ್ದೇನೆ, ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಯಾಗಿ ಶುರುಮಾಡಿದವನು. ಪಾಂಡವಪುರದ ಅಣ್ಣನವರ ಸಿಟ್ಟು ನಮ್ಮ ಕಡೆಯ ಮೈದಾನಗಳ ಮಟ್ಟಿಗೆ ನ್ಯಾಯವೇ. ಆದರೆ ಮೇಷ್ಟ್ರು ಕಂಡಂಥ ಲಿಂಕ್ಸ್ ಎಂಬುದು ಬೇರೆ ಜಾತಿಯ ನೆಲ. ಎತ್ತರಿಸಿದ ದಿಣ್ಣೆ ಎಂಬರ್ಥದ ಹಳೆಯ ಮಾತಿನಿಂದ ಬಂದ ಹೆಸರದು; ಕಡಲಿಗೂ ಉಳುವ ಹೊಲಕ್ಕೂ ನಡುವಿನ, ಬೇಸಾಯಕ್ಕೆ ಬಾರದ ಮರಳುಪಟ್ಟಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಗೋಮಾಳ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ಊರವರು ದನಕುರಿ ಮೇಯಿಸಿದ್ದು, ಬಟ್ಟೆ ಒಣಹಾಕಿದ್ದು, ಮೊಲ ಹಿಡಿದದ್ದು, ಚೆಂಡು ಹೊಡೆದದ್ದು ಎಲ್ಲವೂ ಅದೇ ನೆಲದಲ್ಲಿ. ಆಡುವ ಹಕ್ಕನ್ನು ಊರಿನವರಿಗೆ ಒಪ್ಪಿಸಿದ ಪತ್ರ 1552ರದ್ದು. ಇಂದಿಗೂ ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಅಂದು ಯಾರು ಬೇಕಾದರೂ ನಾಯಿ ಹಿಡಿದುಕೊಂಡು ನಡೆದಾಡಬಹುದು. ಶ್ರೀಮಂತರ ಬೇಲಿ ಎಂದುಕೊಂಡು ಕೈತೊಳೆದುಕೊಂಡರೆ, ಕಡಲಪಾಲಾಗುವುದು ಊರೊಟ್ಟಿನ ಗೋಮಾಳವೂ ಹೌದು.

ನೀರಿನ ವಿಷಯವನ್ನೂ ಹೇಳಬೇಕು. ನಮ್ಮಲ್ಲಿ ಹಾಕುವುದು ಗರಿಕೆಯ ಸುಧಾರಿತ ತಳಿಗಳನ್ನು. ಗಣೇಶನಿಗೆ ಏರಿಸುವ ಅದೇ ಗರಿಕೆ. ಅದಕ್ಕೆ ಬಿಸಿಲು, ತಕ್ಕಮಟ್ಟಿಗೆ ಉಪ್ಪು ಎರಡೂ ತಡೆಯುತ್ತವೆ, ಚಳಿ ಮಾತ್ರ ಆಗದು. ಲಿಂಕ್ಸಿನಲ್ಲಿ ಇರುವುದು ಫೆಸ್ಕ್ಯೂ ಎಂಬ ಸೂಜಿಯಂಥ ಎಲೆಯ ಹುಲ್ಲು. ಗೊಬ್ಬರ ಕೊಟ್ಟರೆ ಕೆಡುತ್ತದೆ, ಹಸಿವಿನಲ್ಲಿಟ್ಟರೆ ಚೆನ್ನಾಗಿರುತ್ತದೆ. ಸ್ವಾಭಾವಿಕ ಲಿಂಕ್ಸಿಗೆ ನೀರು ಹಾಯಿಸುವುದು ಬಹಳ ಕಡಿಮೆ. 2006ರಲ್ಲಿ ಹಾಯ್‌ಲೇಕಿನಲ್ಲಿ, 2018ರಲ್ಲಿ ಕಾರ್ನೂಸ್ಟಿಯಲ್ಲಿ ಬ್ರಿಟನ್ನಿನ ಓಪನ್ ಪಂದ್ಯಾವಳಿ ನಡೆದಾಗ ಮೈದಾನ ನಮ್ಮ ಏಪ್ರಿಲ್ ತಿಂಗಳ ಹೊಲದ ಹಾಗೆ ಕಂದುಬಣ್ಣಕ್ಕೆ ತಿರುಗಿತ್ತು. ಚೆಂಡು ಬಿದ್ದಲ್ಲಿಂದ ಸಿಮೆಂಟು ನೆಲದ ಮೇಲೆ ಓಡಿದಂತೆ ಓಡುತ್ತಿತ್ತು. ಹಾಯ್‌ಲೇಕಿನ ನಾಲ್ಕೂ ದಿನ ಸೇರಿ ಟೈಗರ್ ವುಡ್ಸ್, ಚೆಂಡನ್ನು ಅತಿ ದೂರಕ್ಕೆ ಹೊಡೆಯುವ ಡ್ರೈವರ್ ಕೋಲನ್ನು ಕೈಗೆತ್ತಿಕೊಂಡಿದ್ದು ಒಂದೇ ಬಾರಿ. ಗೆದ್ದದ್ದೂ ಅವರೇ.

ಬರವನ್ನು ಆ ಹುಲ್ಲು ತಡೆಯುತ್ತದೆ. ತಡೆಯದಿರುವುದು ಬೆಚ್ಚಗಿನ, ತೇವದ ಚಳಿಗಾಲವನ್ನು. ಚಳಿಗೆ ಮಲಗಬೇಕಾದ ಹುಲ್ಲು ಮಲಗದೆ ಬೆಳೆಯುತ್ತಲೇ ಇದ್ದರೆ ಅದರ ಮೇಲೆ ಬೂಷ್ಟಿನ ರೋಗ ಕೂರುತ್ತದೆ, ಕಳೆಯಂಥ ಅಗಲ ಎಲೆಯ ಹುಲ್ಲು ಫೆಸ್ಕ್ಯೂವನ್ನು ಹಿಂದೆ ಹಾಕುತ್ತದೆ. ಬಿರುಗಾಳಿಯಲ್ಲಿ ಕಡಲನೀರು ಒಳನುಗ್ಗಿ ಗ್ರೀನಿನ, ಎಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ಹುಲ್ಲುನೆಲದ, ಮೇಲೆ ನಿಂತರೆ ಉಪ್ಪು ತೊಳೆಯಲು ಸಿಹಿನೀರು ಹಾಯಿಸಲೇಬೇಕು. ದಂಡೆ ಕುಸಿಯುವುದು ಫೋಟೋದಲ್ಲಿ ಕಾಣುತ್ತದೆ, ಇದು ಕಾಣುವುದಿಲ್ಲ. ಕೆಲಸಗಾರನಾಗಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ಇನ್ನು ಗೋಡೆಯ ಬದಲು ಏನು ಮಾಡುತ್ತಾರೆ ಎಂಬುದು. ಮ್ಯಾರಮ್ ಎಂಬ ಹುಲ್ಲು ಅಲ್ಲಿ ದಿಬ್ಬ ಕಟ್ಟುವ ಮೇಸ್ತ್ರಿ. ಮರಳು ಮುಚ್ಚಿದಷ್ಟೂ ಅದು ಮೇಲೆ ಬರುತ್ತದೆ; ವರ್ಷಕ್ಕೆ ಒಂದು ಮೀಟರ್ ಮರಳು ಬಿದ್ದರೂ ತಲೆಯೆತ್ತುತ್ತದೆ, ಆದರೆ ಕಾಲಿನ ತುಳಿತಕ್ಕೆ ಸಾಯುತ್ತದೆ. ನಮ್ಮ ಕರಾವಳಿಯ ರಾವಣನ ಮೀಸೆ ಮಾಡುವುದೂ ಇದೇ ಕೆಲಸ, ಉಳ್ಳಾಲದ ಅಕ್ಕನವರು ಅದನ್ನು ತುಳಿದು ಕಾಲು ಚುಚ್ಚಿಸಿಕೊಂಡಿರಲೇಬೇಕು. ಸೇಂಟ್ ಆಂಡ್ರೂಸಿನ ವೆಸ್ಟ್ ಸ್ಯಾಂಡ್ಸ್ ದಂಡೆಯಲ್ಲಿ ಹುಲ್ಲು ನೆಟ್ಟು, ಜನ ತುಳಿಯದಂತೆ ಬೇಲಿ ಹಾಕಿ, ದಿಬ್ಬಗಳನ್ನು ಮತ್ತೆ ಬೆಳೆಸಿದ್ದಾರೆ. ಇಂಗ್ಲೆಂಡಿನ ಲಿದಮ್ ಸೇಂಟ್ ಆನ್ಸ್ ಊರಿನಲ್ಲಿ, ಹಬ್ಬ ಮುಗಿದ ಮೇಲೆ ಜನ ಬಿಸಾಡುವ ಕ್ರಿಸ್‌ಮಸ್ ಮರಗಳನ್ನು ಸಾಲಾಗಿ ಹೂತು, ಅವುಗಳ ರೆಂಬೆಗಳಲ್ಲಿ ಗಾಳಿಯ ಮರಳನ್ನು ಹಿಡಿಯುತ್ತಾರೆ. ಆಯುಧಪೂಜೆಯ ಮರುದಿನ ನಮ್ಮ ರಸ್ತೆಗಳಲ್ಲಿ ರಾಶಿ ಬೀಳುವ ಬಾಳೆಕಂದುಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಆದರೆ ಬಾಳೆಕಂದು ಎರಡೇ ವಾರಕ್ಕೆ ಕೊಳೆತುಹೋಗುತ್ತದೆ.

ಮರುಪ್ರಶ್ನೆ: ಭೂಗೋಳದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಉಳ್ಳಾಲದ ತಂಗಿಯವರ ಮಾತಿಗೆ ಬೇಸರವೇನೂ ಇಲ್ಲ. ಮಾಂಟ್ರೋಸಿನ ಅಂಚಿನಲ್ಲಿ ಅರ್ಧ ಗಂಟೆ ನಿಂತವನು, ಐದು ಗಂಟೆಯ ದಾರಿಯಲ್ಲಿರುವ ಉಳ್ಳಾಲವನ್ನು ಇದುವರೆಗೆ ನೋಡಿಲ್ಲ ಎಂಬುದು ನಾಚಿಕೆಯ ಸಂಗತಿಯೇ. ಆದರೆ ಹುಲ್ಲಿನಿಂದ ದಿಬ್ಬ ಬೆಳೆಯುವುದು ಮರಳು ಬರುವ ಕಡೆ ಮಾತ್ರ ತಾನೇ? ಮರಳೇ ಬಾರದ ಕಡೆ ಏನು ಗತಿ?

ಉತ್ತರ 5: ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ಮರಳು ಬಾರದ ಕಡೆ ಉಳಿಯುವುದು ಎರಡೇ: ಬೇರೆಡೆಯಿಂದ ಮರಳು ತಂದು ಸುರಿಯುವುದು, ಇಲ್ಲವೇ ಹಿಂದೆ ಸರಿಯುವುದು. ಮೊದಲನೆಯದಕ್ಕೆ ಕೊನೆಯಿಲ್ಲ; ಅದು ನಾಲೆಯ ಹೂಳೆತ್ತಿದಂತೆ, ಪ್ರತಿ ಸಲವೂ ಟೆಂಡರು.

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ, 1864ರಲ್ಲಿ ಹುಟ್ಟಿದ ರಾಯಲ್ ನಾರ್ತ್ ಡೆವನ್ ಕ್ಲಬ್ಬಿನ ಮೈದಾನವನ್ನು ಕಡಲಿನಿಂದ ಕಾಯುತ್ತಿದ್ದುದು ಉರುಟು ಕಲ್ಲುಗಳ ಒಂದು ನೈಸರ್ಗಿಕ ದಿಂಡು. ಅಲೆಗಳು ಚೆಲ್ಲಾಡಿದ ಕಲ್ಲುಗಳನ್ನು ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಮತ್ತೆ ದಿಂಡಿನ ಮೇಲೆ ಎಸೆಯುವ ಪದ್ಧತಿ ಅಲ್ಲಿತ್ತು. ಕೆರೆಯ ಹೂಳನ್ನು ಊರೊಟ್ಟಿನಲ್ಲಿ ಎತ್ತುತ್ತಿದ್ದ ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು. 2018ರ ಜನವರಿಯಲ್ಲಿ ಎಲಿನಾರ್ ಎಂಬ ಬಿರುಗಾಳಿ ಬಂದಾಗ ಅಲ್ಲಿಯೂ ಒಂದು ಟೀ ಕಡಲಿಗೆ ಹೋಯಿತು. ಐರ್ಲೆಂಡಿನ ಡೂನ್‌ಬೆಗ್ ಮೈದಾನದ ಕಥೆ ಇದಕ್ಕೆ ವಿರುದ್ಧದ್ದು. ಅದರ ಒಡೆಯರಾದ ಡೊನಾಲ್ಡ್ ಟ್ರಂಪ್ ಅವರ ಸಂಸ್ಥೆ ಕಲ್ಲುಗೋಡೆಗೆ ಅನುಮತಿ ಕೇಳುವಾಗ, ಒಡೆಯರು ಸಭೆಗಳಲ್ಲಿ ಸುಳ್ಳೆಂದು ಹಳಿಯುತ್ತಿದ್ದ ಜಾಗತಿಕ ತಾಪವನ್ನೇ ಅರ್ಜಿಯಲ್ಲಿ ಕಾರಣವಾಗಿ ಕಾಣಿಸಿತ್ತು. ದಿಬ್ಬಗಳಿಗೆ ಹಾನಿಯಾಗುತ್ತದೆಂಬ ಆಕ್ಷೇಪಗಳ ನಡುವೆ, ಗೋಡೆಯ ಉದ್ದವನ್ನು ತಗ್ಗಿಸಿದ ಎರಡನೆಯ ಯೋಜನೆಗೆ ಅಲ್ಲಿನ ಮೇಲ್ಮನವಿ ಮಂಡಳಿ 2020ರಲ್ಲಿ ಅನುಮತಿ ನಿರಾಕರಿಸಿತು. ಅದು ಸರಿಯಾದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ.

ಲಿಂಕ್ಸ್ ಹುಟ್ಟಿದ್ದೇ ಮರಳು ಸರಿದಾಡುವುದರಿಂದ. ಅದನ್ನು ಅಲುಗದಂತೆ ಕಟ್ಟಿಹಾಕಿದ ದಿನ ಅದು ಕಡಲ ಪಕ್ಕದ ಪಾರ್ಕಾಗುತ್ತದೆ. ಹಿಂದೆ ಸರಿಯಲು ಒಳಗಡೆ ಜಾಗವಿರುವ ಕ್ಲಬ್ಬುಗಳು ಈಗಲೇ ಹೊಲ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ರಸ್ತೆ, ರೈಲುದಾರಿ, ಮನೆಗಳು ಬೆನ್ನಿಗೇ ಇರುವ ಕ್ಲಬ್ಬುಗಳಿಗೆ ಆ ದಾರಿಯೂ ಇಲ್ಲ.

ಉತ್ತರ 6: ಕಬ್ಬಿನ ಗದ್ದೆಯವನು, ಪಾಂಡವಪುರ

ಗೋಮಾಳ ಎಂದಮೇಲೆ ನನ್ನ ಮಾತನ್ನು ಅರ್ಧ ಹಿಂದಕ್ಕೆ ಪಡೆಯುತ್ತೇನೆ. ಎಂಜಿನಿಯರ್ ಸಾಹೇಬರಿಗೆ ಒಂದು ಪ್ರಶ್ನೆ: ನಮ್ಮ ಕಟ್ಟೆಗಳ ಹಿಂದೆ ನಿಂತಿರುವ ಮರಳೂ ಹಿಂದೆ ಕಡಲಿಗೆ ಹೋಗುತ್ತಿತ್ತಲ್ಲವೇ? ಹಾಗಾದರೆ ಕಾವೇರಿ ಕಡಲು ಸೇರುವ ಕಡೆಯ ದಂಡೆಗೂ ಈ ಲೆಕ್ಕವೇ ಅನ್ವಯಿಸುತ್ತದೆಯೇ?

ಉತ್ತರ 7: ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ಅನ್ವಯಿಸುತ್ತದೆ. ಮೇಲಿನ ಕಟ್ಟೆಗಳಲ್ಲಿ ನಿಂತ ಮರಳು ಮತ್ತು ನದಿಯ ಪಾತ್ರದಿಂದ ಲಾರಿಗಳಲ್ಲಿ ಹೋದ ಮರಳು ಎರಡೂ ಮುಖಜಭೂಮಿಯ ದಂಡೆಯ ಲೆಕ್ಕದಿಂದ ಕಳೆದವೇ. ಮೂವತ್ತೈದು ವರ್ಷ ನಾಲೆ, ತೂಬುಗಳ ಕೆಲಸ ಮಾಡಿದವನು ನಾನು. ಎಷ್ಟು ಎಕರೆಗೆ ನೀರು ಹೋಯಿತು ಎಂಬುದು ನಮ್ಮ ರಿಜಿಸ್ಟರಿನಲ್ಲಿ ಇರುತ್ತಿತ್ತು. ಎಷ್ಟು ಮರಳು ಹೋಗಲಿಲ್ಲ ಎಂಬುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.